ತಟ್ಟೆಯ ಎಡಗಡೆ ಇದ್ದದ್ದು

ಅಪ್ಪ ಯಾವ ಡಬ್ಬಿಯನ್ನೂ ಮುಚ್ಚಳ ತೆಗೆದು ನೋಡದೆ ಖಾಲಿ ಎಂದು ಒಪ್ಪುತ್ತಿರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಕುಳಿತವರೆಲ್ಲ ಅದನ್ನೇ ನೆನೆಸಿಕೊಂಡು ನಕ್ಕರು. ಮಂಡಿಯಲ್ಲಿ ಆಳುಗಳು ಚೀಲ ಬರಿದಾಯಿತು ಎಂದರೆ ತಾನೇ ಹೋಗಿ ಅದನ್ನು ಬೋರಲು ಹಾಕಿ ಒದರುತ್ತಿದ್ದ. ಗ್ಯಾಸ್ ತರುವವನು ಖಾಲಿ ಸಿಲಿಂಡರು ಹೊರಲು ಬಗ್ಗಿದರೆ, ತಡಿಯಪ್ಪಾ ಎಂದು ಒಮ್ಮೆ ಅಲ್ಲಾಡಿಸಿ ನೋಡುತ್ತಿದ್ದ. ಮೊಮ್ಮಕ್ಕಳು ಊರಿಗೆ ಹೊರಟಾಗ ಒಲೆ ಆರಿಸಿದಿರಾ, ಬಾಗಿಲು ಹಾಕಿದಿರಾ ಎಂದು ಕೇಳುತ್ತಿರಲಿಲ್ಲ. ‘ನೋಡ್ದಾ?’ ಎನ್ನುತ್ತಿದ್ದ, ಅಷ್ಟೇ. ಹೂಂ ಎಂದರೆ ಸಾಲದು, ಕಣ್ಣಾರೆ ನೋಡಿದೆ ಎನ್ನಬೇಕಿತ್ತು. ವಯಸ್ಸಾದವರ ಅನುಮಾನ ಎಂದರು ಬಂದವರು. ವಯಸ್ಸಿನಿಂದ ಬಂದ ಅಭ್ಯಾಸ ಅದಲ್ಲ. ಅದು ಯಾವ ಬೆಳಗ್ಗೆ ಶುರುವಾಯಿತು ಎಂಬುದು ಈಗ ನಮ್ಮ ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತು, ಅವ್ವನಿಗೆ ಮತ್ತು ನನಗೆ. ಅವ್ವ ಹೇಳುವವಳಲ್ಲ. ಎಲ್ಲರೂ ಅಪ್ಪನನ್ನು ಶಾಂತ ಮನುಷ್ಯ, ತಾಳ್ಮೆಯ ಮನುಷ್ಯ ಎಂದು ಹೊಗಳುವಾಗ ನನಗೆ ಅಳು ಬರಲಿಲ್ಲ. ಅವನು ಶಾಂತನಾಗುವ ಮುಂಚೆ ಹೇಗಿದ್ದ ಎಂಬುದನ್ನು ನೆನೆಯದೆ ನನಗೆ ಅಳುವುದಕ್ಕೂ ಆಗುತ್ತಿರಲಿಲ್ಲ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಮಧುಗಿರಿಯಲ್ಲಿ ಕೋಟೆ ಬೆಟ್ಟ ಎದುರಿಗೇ ಕಾಣುವ ಬೀದಿಯಲ್ಲಿ ನಮ್ಮ ಮನೆ. ಮುಂದೆ ಜಗಲಿ, ಒಳಗೆ ಉದ್ದನೆಯ ಪಡಸಾಲೆ, ಅದರಾಚೆ ಅಡುಗೆಮನೆ, ಹಿಂದೆ ಹಿತ್ತಲು. ಅಪ್ಪ ಮತ್ತು ಚಿಕ್ಕಪ್ಪ ಸೇರಿ ಹುಣಸೆಹಣ್ಣಿನ ಮಂಡಿ ನಡೆಸುತ್ತಿದ್ದರು. ಬಡವನಹಳ್ಳಿ, ಪುರವರದ ಕಡೆಯಿಂದ ಹಣ್ಣು ಬರುವ ಕಾಲಕ್ಕೆ ಜಗಲಿಯ ತುಂಬ ಹೆಂಗಸರು ಕುಳಿತು ಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ನಾವು ಸ್ಕೂಲಿಗೆ ಹಾಕಿಕೊಂಡು ಹೋಗುವ ಬಟ್ಟೆಗೂ ಆ ಹುಳಿ ವಾಸನೆ. ನನಗೆ ಓದು ಬರೆಹ ಸರಿಯಾಗಿ ಬರುವ ಹೊತ್ತಿಗೆ ಅಣ್ಣತಮ್ಮಂದಿರು ಬೇರೆಯಾದರು. ಪಡಸಾಲೆಯ ನಟ್ಟನಡುವೆ ಇಟ್ಟಿಗೆ ಗೋಡೆ ಎದ್ದಿತು. ಅದಕ್ಕೆ ಗಾರೆ ಮಾಡಿಸಬೇಕಾದವರು ಯಾರು ಎಂಬ ವಾದದಲ್ಲಿ ಎರಡು ಕಡೆಯೂ ಇಟ್ಟಿಗೆ ಬರಿದಾಗಿಯೇ ಉಳಿಯಿತು. ಈ ಕಡೆ ನಾವು ನಾಲ್ವರು, ಅಪ್ಪ, ಅವ್ವ, ನಾನು, ಆಗಿನ್ನೂ ತೊದಲುತ್ತಿದ್ದ ನನ್ನ ತಮ್ಮ. ಆ ಕಡೆ ಚಿಕ್ಕಪ್ಪ, ಚಿಕ್ಕಮ್ಮ, ಅವರ ಹಸುಗೂಸು. ಹಿತ್ತಲು ಮತ್ತು ಅಲ್ಲಿನ ಒಗೆಯುವ ಕಲ್ಲು ಮಾತ್ರ ಎರಡೂ ಮನೆಗೆ ಸೇರಿದ್ದು. ಅವರು ಉಣ್ಣುವಾಗ ತಟ್ಟೆಯ ಸದ್ದು ನಮಗೆ ಕೇಳುತ್ತಿತ್ತು, ನಮ್ಮದು ಅವರಿಗೆ. ಮನೆ ಒಡೆದರೂ ಮಂಡಿ ಒಡೆದಿರಲಿಲ್ಲ. ಅದು ಯಾರಿಗೆ ಎಂಬ ಜಗಳ ದಿನಾ ಯಾರದಾದರೂ ಒಬ್ಬರ ಬಾಗಿಲಿಗೆ ಬಂದು ಹೋಗುತ್ತಿತ್ತು.

ಪಾವಗಡ, ಶಿರಾ ಕಡೆಗೆ ವ್ಯಾಪಾರಕ್ಕೆ ಹೋಗಿ ದುಡ್ಡಿಟ್ಟುಕೊಂಡು ಒಬ್ಬನೇ ಬರಬೇಕಿದ್ದರಿಂದ ಅಪ್ಪ ಲೈಸೆನ್ಸ್ ಮಾಡಿಸಿ ಒಂದು ರಿವಾಲ್ವರು ಇಟ್ಟುಕೊಂಡಿದ್ದ. ಮನೆಯಲ್ಲಿ ಯಾರೂ ಅದರ ಹೆಸರೆತ್ತುತ್ತಿರಲಿಲ್ಲ, ‘ಅದು’ ಎನ್ನುತ್ತಿದ್ದೆವು. ಮೊದಲೆಲ್ಲ ಬೀರುವಿನಲ್ಲಿ ಇರುತ್ತಿತ್ತು. ಗೋಡೆ ಎದ್ದ ಮೇಲೆ ಊಟಕ್ಕೆ ಬರತೊಡಗಿತು. ಅಪ್ಪ ಕೈಕಾಲು ತೊಳೆದು ಮಣೆಯ ಮೇಲೆ ಕುಳಿತು, ಸೊಂಟದಿಂದ ಅದನ್ನು ತೆಗೆದು ತಟ್ಟೆಯ ಎಡಗಡೆ ನೆಲದ ಮೇಲೆ ಇಡುತ್ತಿದ್ದ. ಅದರ ನಳಿಕೆಯ ಬಾಯಿ ಇಟ್ಟಿಗೆ ಗೋಡೆಯ ಕಡೆಗೆ. ಎಡಗಡೆ ಎಂದರೆ ನೀರಿನ ಚೊಂಬು ಇಡುವ ಜಾಗ. ಬಲಗೈ ಎಂಜಲಾಗಿರುತ್ತದೆ, ಎಡಗೈಗೆ ಸಿಗಲಿ ಎಂದು ಚೊಂಬನ್ನು ಎಲ್ಲರ ಮನೆಯಲ್ಲೂ ಎಡಗಡೆಗೇ ಇಡುವುದು. ಅವ್ವ ಅಪ್ಪನ ಚೊಂಬನ್ನು ಬಲಗಡೆ ಇಡತೊಡಗಿದಳು. ನೀರು ಬೇಕೆಂದರೆ ಅವನು ಎಡಗೈಯನ್ನು ತಟ್ಟೆಯ ಮೇಲಿಂದ ಚಾಚಬೇಕಿತ್ತು. ಹಾಗೆಯೇ ಚಾಚುತ್ತಿದ್ದ, ಅದನ್ನು ಮಾತ್ರ ಸರಿಸುತ್ತಿರಲಿಲ್ಲ. ಮುದ್ದೆಯ ತುತ್ತನ್ನು ಸಾರಿನಲ್ಲಿ ಹೊರಳಿಸುವಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಒಮ್ಮೆ ತಮ್ಮ ಅದರ ಕಡೆ ಪುಟ್ಟ ಹೆಜ್ಜೆ ಇಟ್ಟಾಗ ಅವ್ವ ರೆಟ್ಟೆ ಹಿಡಿದು ಎಳೆದುಕೊಂಡಳು. ಅಷ್ಟು ಜೋರಾಗಿ ಎಳೆದರೂ ಅವನು ಅಳಲಿಲ್ಲ. ಊಟದ ಹೊತ್ತಿಗೆ ಅಳಬಾರದು ಎಂಬುದು ಅಷ್ಟು ಸಣ್ಣ ಮಗುವಿಗೂ ತಿಳಿದುಹೋಗಿತ್ತು. ಅವ್ವ ಏನಾದರೂ ಅನ್ನಲು ಬಾಯಿ ತೆಗೆದರೆ ಅಪ್ಪನ ಉತ್ತರ ಒಂದೇ.

“ಖಾಲಿ ಐತೆ ಕಣೇ ಅದು. ಖಾಲಿ ಕಬ್ಬಿಣ. ನಿನ್ನ ಸೌಟಿಗೂ ಅದಕ್ಕೂ ಏನ್ ವ್ಯತ್ಯಾಸ?”

ಒಂದು ಸಂಜೆ ಚಿಕ್ಕಪ್ಪ ಬಾಗಿಲಿಗೆ ಬಂದು ನಿಂತ. ಮಂಡಿಯ ಬೋರ್ಡಿಗೆ ಹೊಸ ಬಣ್ಣ ಬಳಿಸುವಾಗ ತನ್ನ ಹೆಸರನ್ನು ತೆಗೆಸಿಹಾಕಿದ್ದಾರೆ ಎಂಬುದು ಅವನ ಸಿಟ್ಟು. ಅಪ್ಪ ಊಟಕ್ಕೆ ಕುಳಿತಿದ್ದ. ಮಾತು ಬೋರ್ಡಿನಿಂದ ಶುರುವಾಗಿ, ಹಿತ್ತಲಿನ ಕಲ್ಲಿಗೆ ಹೋಗಿ, ಸತ್ತುಹೋದ ಅಜ್ಜಿ ಯಾರ ಕೈಯಲ್ಲಿ ಕೊನೆಗೆ ನೀರು ಕುಡಿದಳು ಎಂಬಲ್ಲಿಗೆ ಬಂದು ನಿಂತಿತು. ಆಗ ಅಪ್ಪ ಎಂಜಲು ಕೈಯನ್ನು ತಟ್ಟೆಯಲ್ಲೇ ಬಿಟ್ಟು ಎಡಗೈಯಿಂದ ಅದನ್ನು ಎತ್ತಿಕೊಂಡ. ಗುರಿ ಇಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡ, ಅಷ್ಟೇ. ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. ಆದರೂ ಅವನು ಹೊಸಿಲು ಬಿಟ್ಟು ಕದಲಲಿಲ್ಲ.

“ಹೊಡೀತೀಯಾ? ಹೊಡಿ ಅಣ್ಣಾ. ಹೊಡ್ದು ಬೋರ್ಡ್ ಪೂರ್ತಾ ನಿಂದೇ ಮಾಡ್ಕ.”

ಅವ್ವ ಬಡಿಸಲು ತಂದಿದ್ದ ಸಾರಿನ ಪಾತ್ರೆ ಹಿಡಿದುಕೊಂಡೇ ಅವರಿಬ್ಬರ ನಡುವೆ ಹೋಗಿ ನಿಂತಳು. ಪಾತ್ರೆ ಸುಡುತ್ತಿದ್ದಿರಬೇಕು, ಸೆರಗಿನ ತುದಿಯನ್ನು ಬೆರಳುಗಳಿಗೆ ಸುತ್ತಿಕೊಂಡಿದ್ದಳು. ಚಿಕ್ಕಪ್ಪ ಹೊರಟುಹೋಗುವವರೆಗೂ ಹಾಗೆಯೇ ನಿಂತಿದ್ದಳು. ಮಾರನೆಯ ದಿನ ಅಪ್ಪ ಮಂಡಿಗೆ ಹೋದ ಮೇಲೆ ನಮ್ಮಿಬ್ಬರನ್ನೂ ಕರೆದುಕೊಂಡು ಕೊರಟಗೆರೆಯ ತವರಿಗೆ ಬಸ್ಸು ಹತ್ತಿದಳು. ಅಲ್ಲಿಂದ ಗೊರವನಹಳ್ಳಿಗೆ ಹೋಗಿ ಲಕ್ಷ್ಮಿಗೆ ಹರಕೆ ಕಟ್ಟಿಕೊಂಡಳು. ಸಿರಿ ಕೊಡು ಎಂದು ಬೇಡಲು ಬಂದ ಹೆಂಗಸರ ಸಾಲಿನಲ್ಲಿ ನಿಂತು, ಮನೆಯಿಂದ ಒಂದು ಸಾಮಾನು ಹೊರಗೆ ಹೋಗಲಿ ಎಂದು ಬೇಡಿದವಳು ಅವಳೊಬ್ಬಳೇ ಇರಬೇಕು.

ಅಪ್ಪ ಕರೆಯಲು ಬಂದ. ಅವ್ವ ಬಾಗಿಲ ಮರೆಯಿಂದ ಈಚೆಗೆ ಬರಲಿಲ್ಲ.

“ಅದು ಮನೆ ಬುಟ್ಟು ಹೋಗ್ಲಿ. ಆಮ್ಯಾಕೆ ನಾವು ಬತ್ತೀವಿ.”

“ಬಿಸಾಕಾಕೆ ಅದೇನು ಮುರುಕು ಪೊರಕೇನಾ? ಲೈಸೆನ್ಸ್ ಇರೋರು ಯಾರಾದ್ರೂ ಬಂದು ನೋಡಿ ಕೊಂಡ್ರೆ ಕೊಡ್ತೀನಿ. ಅವ್ರು ಬ್ಯಾಡ ಅಂದ್ರೆ ಅದು ಅಲ್ಲೇ ಇರ್ತದೆ. ಆಮ್ಯಾಕೆ ನೀನು ಅದರ ಮಾತೆತ್ತಂಗಿಲ್ಲ.”

ಅವ್ವ ಒಪ್ಪಿದಳು. ಅವಳಿಗೆ ಬೇರೆ ದಾರಿ ಇರಲಿಲ್ಲ. ಊರಿಗೆ ಬಂದೆವು. ಪಾವಗಡದ ಕಡೆ ಕಡಲೆಕಾಯಿ ಎಣ್ಣೆ ಮಿಲ್ ಇಟ್ಟಿದ್ದ ರೆಡ್ಡಿ ಎಂಬವರು ಅಪ್ಪನಿಗೆ ವ್ಯಾಪಾರದಲ್ಲಿ ಪರಿಚಯ. ಅವರಿಗೂ ಲೈಸೆನ್ಸ್ ಇತ್ತು, ಕಳ್ಳರ ಕಾಟಕ್ಕೆ ಒಂದು ಬೇಕೂ ಆಗಿತ್ತು. ಕಚೇರಿಯ ಕಾಗದ ಪತ್ರ ಮುಗಿಸಿಕೊಂಡು ನೋಡಲು ಬರುತ್ತೇನೆಂದು ಹೇಳಿ ಕಳಿಸಿದರು. ಅವರು ಒಪ್ಪಿದರೆ ಅದು ಪಾವಗಡಕ್ಕೆ ಹೋಗುತ್ತದೆ, ಒಪ್ಪದಿದ್ದರೆ ಮತ್ತೆ ತಟ್ಟೆಯ ಪಕ್ಕಕ್ಕೆ ಬರುತ್ತದೆ. ಇದು ನನಗೂ ಗೊತ್ತಿತ್ತು.

ರೆಡ್ಡಿಯವರು ಬರುವ ಹಿಂದಿನ ಮಧ್ಯಾಹ್ನ ಅಪ್ಪ ಮಂಡಿಗೆ ಹೊರಡುವ ಮುನ್ನ ಅದನ್ನು ಬೀರುವಿನಿಂದ ತೆಗೆದು ಗೋಡೆಯ ಗೂಡಿನಲ್ಲಿಟ್ಟು, ಬೆಳಗ್ಗೆ ನೋಡೋಕೆ ಬರ್ತಾರೆ, ಒಂದಿಷ್ಟು ಒರೆಸಿಡು ಎಂದು ಅವ್ವನಿಗೆ ಹೇಳಿದ. ಅವ್ವ ಅದನ್ನು ಸೆರಗಿನಲ್ಲಿ ಹಿಡಿದು ಬೆಳಕಿಗೆ ತಂದಳು. ಅದರ ಮೈ ನೀಲಿ ಬೆರೆತ ಕಪ್ಪು. ಒರೆಸಿದಳು, ಕಪ್ಪು ಹೋಗಲಿಲ್ಲ. ಇಷ್ಟು ಮಸಿ ಹಿಡಿದ ಸಾಮಾನನ್ನು ಯಾರು ಕೊಳ್ಳುತ್ತಾರೆ ಎಂದುಕೊಂಡಿರಬೇಕು. ನಮ್ಮ ಮನೆಯಲ್ಲಿ ಯಾವ ಲೋಹ ಕಂದಿದ್ದರೂ ಅದಕ್ಕೆ ಮದ್ದು ಒಂದೇ. ದೀಪದ ಕಂಬ, ಬಿಂದಿಗೆ, ಚೊಂಬು, ಆಯುಧಪೂಜೆಗೆ ಮಂಡಿಯ ತಕ್ಕಡಿ ತಟ್ಟೆ, ಮಚ್ಚು, ಎಲ್ಲವನ್ನೂ ಹುಣಸೆಹಣ್ಣು ಹಾಕಿ ಬೆಳಗುವುದು. ನೆಂಟರು ಬರುತ್ತಾರೆಂದರೆ ಬೆಳಗಿದ ಪಾತ್ರೆಯಿಂದಲೇ ಮನೆಯವಳ ಮರ್ಯಾದೆ. ಅವ್ವ ಹಿತ್ತಲಿನ ಕಲ್ಲಿನ ಹತ್ತಿರ ಕುಳಿತು, ಉದ್ದ ಕೊರಳಿನ ಚೊಂಬನ್ನು ಹಿಡಿಯುವ ಹಾಗೆ ಅದನ್ನು ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ನೆನೆಸಿದ ಹಣ್ಣಿಗೆ ಬೂದಿ ಬೆರೆಸಿ ಉಜ್ಜಿದಳು. ಹೊಡೆಯಲು ಬೆರಳು ತೂರಿಸುವ ಬಳೆಯೊಳಗೂ ಹಣ್ಣು ತುರುಕಿ ತಿಕ್ಕಿದಳು. ನಾನು ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ನೀರು ಬಿಡುತ್ತಿದ್ದೆ. ತಮ್ಮ ನನ್ನ ಬೆನ್ನಿಗೆ ಜೋತುಬಿದ್ದಿದ್ದ.

“ಬಾಯಿಗೂ ಬುಡಮ್ಮ, ಒಳಗೂ ತೊಳೀಲಿ.”

ನಾನು ಬಗ್ಗಿ ಆ ದುಂಡನೆಯ ತೂತಿಗೂ ನೀರು ಬಿಟ್ಟೆ. ಕಪ್ಪೆಲ್ಲ ಕರಗಿ ಕೊನೆಗೆ ಒಳಗಿನ ಬಿಳಿ ಕಬ್ಬಿಣ ಕಾಣಿಸಿತು. ಅದನ್ನು ಮೊರದಲ್ಲಿ ಬಿಸಿಲಿಗಿಟ್ಟು ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಕಂಡದ್ದು ಅವತ್ತೇ.

ಬೆಳಗ್ಗೆ ರೆಡ್ಡಿಯವರು ಬಂದರು. ದಪ್ಪ ಮನುಷ್ಯ, ಬಿಳಿ ಪಂಚೆ, ನಿಧಾನದ ಮಾತು. ಕಾಫಿಯಾಯಿತು. ಅಪ್ಪ ಗೂಡಿನಿಂದ ಬಟ್ಟೆಯ ಗಂಟು ತಂದು ಅವರ ಮುಂದಿಟ್ಟು ಬಿಚ್ಚಿದ. ಬಿಚ್ಚಿದವನು ಹಾಗೇ ನಿಂತ. ಒರೆಸಿಡು ಎಂದದ್ದು ಏನಾಗಿದೆ ಎಂದು ಅವನೂ ಆಗಲೇ ನೋಡಿದ್ದು. ರೆಡ್ಡಿಯವರು ನಕ್ಕು, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು.

“ಏಂಟಿ ಸಾವ್ಕಾರ್ರೇ, ರಿವಾಲ್ವರ್ ಕೊಡ್ತೀನಂತ ಕರ್ಸಿ ಪಂಚಪಾತ್ರೆ ತಂದಿಟ್ರಲ್ಲ?”

ಅದನ್ನು ಹೊಗಳಿಕೆ ಎಂದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗು ಸರಿಮಾಡಿಕೊಂಡಳು. ರೆಡ್ಡಿಯವರು ಅದನ್ನು ಎತ್ತಿಕೊಂಡರು. ಬೆರಳನ್ನು ಬಳೆಯೊಳಗೆ ಹಾಕಲಿಲ್ಲ, ಹೊರಗೆ ಮೈಗುಂಟ ಚಾಚಿಟ್ಟುಕೊಂಡರು. ಬಾಯನ್ನು ಯಾವ ಕಡೆ ತಿರುಗಿಸಲಿ ಎಂದು ಸುತ್ತ ನೋಡಿದರು.

“ಆ ಗೋಡೆ ಹಿಂದೆ ಏನೈತೆ?”

“ನನ್ನ ತಮ್ಮನ ಮನೆ. ಯಾಕೆ? ಖಾಲಿ ಐತೆ ಬುಡಿ, ನೋಡಿ ಧಾರಾಳವಾಗಿ.”

“ಖಾಲಿ ಅಂತ ನೀವು ಹೇಳಿದ್ದು ಕೇಳುಸ್ತು. ಹಳೇದು ಕೊಳ್ಳೋವಾಗ ಮೊದ್ಲು ನೋಡಾದೇ ಅದು. ಯಾರೇ ಹೇಳ್ಲಿ, ನನ್ನ ಕಣ್ಣು ನೋಡ್ಬೇಕು. ತಪ್ಪು ತಿಳ್ಕೋಬೇಡಿ.”

ಅದರ ಬಾಯನ್ನು ಪಡಸಾಲೆಯ ಕಲ್ಲುಚಪ್ಪಡಿಯ ಮೂಲೆಗೆ ತಿರುಗಿಸಿ, ಪಕ್ಕದ ಗುಂಡಿ ಒತ್ತಿದರು. ಗುಂಡು ಕೂರುವ ಉರುಳೆ ಹೊರಗೆ ಬಂತು. ಅವರ ನಗು ನಿಂತಿತು. ಅಂಗೈಯನ್ನು ಕೆಳಗೆ ಹಿಡಿದು ಹಿಂದಿನಿಂದ ಒತ್ತಿದರು. ಎರಡು ತೋಟಾ ಅಂಗೈಗೆ ಬಿದ್ದವು. ಗುಂಡು ತುಂಬಿದ, ಹೊಡೆಯದ ತೋಟಾ. ಅವರು ಅವನ್ನು ಒಂದೊಂದಾಗಿ ಕಾಫಿ ಲೋಟದ ಪಕ್ಕದ ತಟ್ಟೆಯಲ್ಲಿ ಇಟ್ಟರು. ಆ ಸಣ್ಣ ಸದ್ದಿಗೆ ಗೋಡೆಯ ಆಚೆ ಚಿಕ್ಕಮ್ಮ ಮಗುವಿಗೆ ಹೇಳುತ್ತಿದ್ದ ಲಾಲಿ ಕೂಡ ನಿಂತ ಹಾಗೆ ನನಗೆ ನೆನಪು. ಅದು ಸುಳ್ಳು ನೆನಪೂ ಇರಬಹುದು.

ರೆಡ್ಡಿಯವರು ಬಂದ ಕೆಲಸ ಮುಗಿಸುವವರ ಹಾಗೆ ನೋಡುತ್ತಲೇ ಹೋದರು. ಬಾಗಿಲ ಬಿಸಿಲಿಗೆ ಹೋಗಿ, ಪಂಚೆಯ ಬಿಳಿ ಅಂಚನ್ನು ಹಿಂದುಗಡೆ ಹಿಡಿದು, ನಳಿಕೆಯೊಳಗೆ ಕಣ್ಣಿಟ್ಟರು. ಒಳಗೆ ಕೆಂಪಗೆ ತುಕ್ಕು ಎದ್ದಿದೆ, ನೀರು ನಿಂತಿರಬೇಕು ಎಂದರು. ಉರುಳೆಯನ್ನು ಮತ್ತೆ ಸೇರಿಸಿ ಗುಂಡಿನ ಒಂದೊಂದೇ ಮನೆ ತಿರುಗಿಸಿ, ಪ್ರತಿ ಮನೆಯೂ ನಳಿಕೆಗೆ ನೇರವಾಗಿ ನಿಲ್ಲುತ್ತದೆಯೇ, ನಿಂತ ಮೇಲೆ ಅಲುಗಾಡುತ್ತದೆಯೇ ಎಂದು ಹಿಡಿದು ಆಡಿಸಿದರು. ಗುಂಡಿನ ಹಿಂಬದಿಗೆ ಬಡಿಯುವ ಕುದುರೆಯನ್ನು ಎಳೆದು ನಿಲ್ಲಿಸಿ, ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ, ತಾನಾಗಿ ಜಾರುತ್ತದೆಯೇ ಎಂದು ನೋಡಿದರು. ಸ್ವಲ್ಪ ಜಾರಿತು. ಕೊನೆಗೆ ಲೈಸೆನ್ಸಿನ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಮೈಮೇಲಿನ ನಂಬರನ್ನು ಓದಲು ನೋಡಿದರು. ಕಣ್ಣಿಗೆ ಹತ್ತಿರ ತಂದರು, ದೂರ ಹಿಡಿದರು. ಇದಷ್ಟು ಹೊತ್ತೂ ಅಪ್ಪ ಅದರ ಕಡೆ ನೋಡಲಿಲ್ಲ. ಕಾಫಿ ತಟ್ಟೆಯನ್ನೇ ನೋಡುತ್ತಿದ್ದ.

“ಇದನ್ನ ನಾನು ತಗೊಳ್ಳಲ್ಲ ಸಾವ್ಕಾರ್ರೇ. ಒಳಗೆ ತುಕ್ಕು, ಮೈಮೇಲೆ ಬಣ್ಣ ಇಲ್ಲ. ನಂಬರ್ ಸವ್ದೈತೆ. ನಾಳೆ ಯಾರಾದ್ರೂ ನೋಡಿದ್ರೆ, ನಂಬರ್ ಯಾಕ್ ಉಜ್ದೆ ಅಂತ ನನ್ನ ಕೇಳ್ತಾರೆ. ಏನ್ ಹಾಕಿ ತೊಳ್ದ್ರಿ ಇದನ್ನ?”

“ಹುಣಸೇಹಣ್ಣು,” ಎಂದಳು ಅವ್ವ.

ಹಾಗೆ ಹೇಳುವಾಗಲೇ ಅವಳಿಗೆ ತಾನೇ ಅದನ್ನು ಮನೆಯಲ್ಲಿ ಉಳಿಸಿಕೊಂಡೆ ಎಂಬುದು ಅರ್ಥವಾಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಪ್ಪ ಈಗ ಕೂಗುತ್ತಾನೆ ಎಂದುಕೊಂಡೆ. ಹೊರಗಿನವರ ಮುಂದೆ ಅವಮಾನವಾದಾಗ ಅವನ ದನಿ ಹೇಗೆ ಏರುತ್ತದೆ ಎಂಬುದು ನನಗೆ ಗೊತ್ತಿತ್ತು. ತಮ್ಮನನ್ನು ತೊಡೆಗೆ ಎಳೆದುಕೊಂಡೆ. ಅಪ್ಪ ತಲೆಯೆತ್ತಿದ. ದನಿ ಏರಲಿಲ್ಲ.

“ಎಲ್ಲಿ ತೊಳ್ದೆ?”

“ಹಿತ್ತಲ ಕಲ್ಲ ತಾವ.”

“ನೀರು ಯಾರು ಬುಟ್ಟೋರು?”

“ಮಗಳು.”

“ಎಲ್ಲಿ ಕುಂತಿದ್ಲು?”

“ಎದುರ್ಗೆ. ಕೂಸೂ ಅವಳ ಬೆನ್ನ ಮ್ಯಾಲಿತ್ತು.”

“ಬಾಯಿ ಯಾವ ಕಡೀಕಿತ್ತು?”

ಅವ್ವ ಅಲ್ಲೇ ಕುಸಿದು ಕುಳಿತು, ಎರಡು ಮಂಡಿ ಕೂಡಿಸಿ, ಅವುಗಳ ನಡುವೆ ಕೈಯಿಟ್ಟು, ಬೆರಳುಗಳನ್ನು ನನ್ನ ಕಡೆಗೆ ಚಾಚಿ ತೋರಿಸಿದಳು. ತೋರಿಸಿದ ಕೈ ಅಲ್ಲೇ ನಿಂತುಬಿಟ್ಟಿತು. ಅಪ್ಪ ಆ ಕೈಯನ್ನು ನೋಡಿದ, ನನ್ನನ್ನು ನೋಡಿದ. ಅವನು ಹೆದರಿಸಿದ್ದನ್ನು ಎಷ್ಟೋ ಸಲ ಕಂಡಿದ್ದೆ. ಹೆದರಿದ್ದನ್ನು ಕಂಡದ್ದು ಅವತ್ತೇ ಮೊದಲು. ಬಳಿಕ ಎದ್ದು ಅಂಗಿ ಹಾಕಿಕೊಂಡ. ಗುಂಡಿ ಹಾಕಿಕೊಳ್ಳಲಿಲ್ಲ. ಸ್ಟೇಷನ್ನಿಗೆ ಒಪ್ಪಿಸಿಬಿಡಬಹುದು, ನಾನೂ ಜೊತೆಗೆ ಬರುತ್ತೇನೆ ಎಂದು ರೆಡ್ಡಿಯವರೇ ಮೆಲ್ಲಗೆ ಹೇಳಿ, ಖಾಲಿಯಾದ ರಿವಾಲ್ವರನ್ನು ಒಂದು ಬಟ್ಟೆಯಲ್ಲಿ, ತೋಟಾಗಳನ್ನು ಇನ್ನೊಂದರಲ್ಲಿ ಕಟ್ಟಿಕೊಂಡರು. ಅವರಿಬ್ಬರೂ ಹೊರಗೆ ಬಂದಾಗ ಜಗಲಿಯ ಮೇಲೆ ಚಿಕ್ಕಪ್ಪ ನಿಂತಿದ್ದ. ಗಾರೆ ಇಲ್ಲದ ಗೋಡೆಯಾಚೆ ಎಲ್ಲವೂ ಕೇಳಿಸಿರಬೇಕು. ಅಪ್ಪ ಅವನ ಎದುರಿಗೆ ನಿಂತ.

“ತುಂಬಿತ್ತು ಕಣ್ಲಾ.”

ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆ ಸ್ವಲ್ಪ ದೂರ ಬಿಟ್ಟು ನಡೆದ. ಸಂಜೆ ಅಪ್ಪ ಬರಿಗೈಯಲ್ಲಿ ಬಂದ. ಊಟಕ್ಕೆ ಕುಳಿತಾಗ ಅವ್ವ ಚೊಂಬನ್ನು ತಟ್ಟೆಯ ಎಡಗಡೆ ಇಟ್ಟಳು. ಅಪ್ಪ ಅಭ್ಯಾಸ ಬಲದಿಂದ ಬಲಗಡೆಗೆ ಕೈಚಾಚಿ, ಅಲ್ಲಿ ಚೊಂಬು ಸಿಗದೆ, ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿಕೊಂಡು ಕುಳಿತ. ಮುದ್ದೆ ಆರಿತು. ಉಣ್ಣಲಿಲ್ಲ.

ಅದಾದ ಮೇಲೆ ಎಲ್ಲವೂ ಸರಿಹೋಯಿತೆಂದಲ್ಲ. ಮಂಡಿಯ ಜಗಳ ಕೋರ್ಟಿಗೆ ಹೋಗಿ ಚಿಕ್ಕಪ್ಪ ಸಾಯುವವರೆಗೂ ನಡೆಯಿತು. ಗೋಡೆಗೆ ಈಗಲೂ ಗಾರೆ ಇಲ್ಲ. ಆದರೆ ಆ ಜಗಳದಲ್ಲಿ ಅಪ್ಪನ ಕೈ ಮತ್ತೆ ಯಾವುದನ್ನೂ ಎತ್ತಿಕೊಳ್ಳಲಿಲ್ಲ. ದನಿ ಕೂಡ ಇಳಿಯಿತು. ಎಲ್ಲದಕ್ಕೂ ‘ನೋಡ್ದಾ?’ ಎನ್ನತೊಡಗಿದ. ಅವ್ವ ಬೆಳಗುವ ಕೆಲಸ ಬಿಡಲಿಲ್ಲ, ಆದರೆ ಅಂದಿನಿಂದ ಯಾವ ಪಾತ್ರೆ ಉಜ್ಜಿದರೂ ಬಾಯನ್ನು ತನ್ನ ಹೊಟ್ಟೆಯ ಕಡೆಗೇ ತಿರುಗಿಸಿ ಹಿಡಿಯುತ್ತಾಳೆ. ನಾನೂ ಹಾಗೆಯೇ ಹಿಡಿಯುತ್ತೇನೆ. ನನ್ನ ಸೊಸೆ ಅದನ್ನು ನೋಡಿ, ಹಾಗೆ ಹಿಡಿದರೆ ಸೀರೆ ಕೊಳೆಯಾಗುತ್ತಲ್ಲ ಅತ್ತೆ ಎನ್ನುತ್ತಾಳೆ.

ಕಳೆದ ವರ್ಷ, ಹಾಸಿಗೆ ಹಿಡಿದ ಮೇಲೆ, ಒಂದು ಮಧ್ಯಾಹ್ನ ಅಪ್ಪನಿಗೆ ಗಂಜಿ ಕುಡಿಸುತ್ತಿದ್ದೆ. ನಾನು ಏನೂ ಕೇಳಿರಲಿಲ್ಲ. ಅಷ್ಟು ವರ್ಷ ಯಾರೂ ಕೇಳಿರಲಿಲ್ಲ. ಪಾವಗಡದಿಂದ ಬರುವಾಗ ದಾರಿಯಲ್ಲಿ ಭಯವಾಗಿ ಯಾವಾಗಲೋ ಎರಡು ತೋಟಾ ತುಂಬಿಸಿದ್ದನಂತೆ. ತೆಗೆದೆ ಎಂದೇ ಇದ್ದನಂತೆ. ಅಷ್ಟು ಹೇಳಿ ನನ್ನ ಮಣಿಕಟ್ಟು ಹಿಡಿದುಕೊಂಡ.

“ಖಾಲಿ ಅಂದ್ಕಂಡಿದ್ದೆ ಕಣಮ್ಮ.”

ಗಂಜಿ ಕುಡಿಸಿದೆ, ಬಾಯಿ ಒರೆಸಿದೆ. ಅವನು ಲೋಟದೊಳಗೆ ಇಣುಕಿ ನೋಡಿ, ಮುಗಿದಿದೆ ಎಂದು ತಿಳಿದ ಮೇಲೆ ಕೈ ಬಿಟ್ಟ.

ಎಡೆ ಇಡುವ ದಿನ ಪಡಸಾಲೆಯಲ್ಲಿ, ಅವನು ಕೂರುತ್ತಿದ್ದ ಜಾಗದಲ್ಲೇ ಎಲೆ ಹಾಕಿದೆವು. ಮುದ್ದೆ, ಅವರೆಕಾಳಿನ ಸಾರು, ಅನ್ನ, ಅವನಿಗೆ ಇಷ್ಟವಾದ ಹುಣಸೆ ತೊಕ್ಕು. ಈ ಕಥೆಯ ಒಂದಕ್ಷರವೂ ಗೊತ್ತಿಲ್ಲದ ನನ್ನ ತಮ್ಮ ನೀರಿನ ಚೊಂಬನ್ನು ತಂದು ಎಲೆಯ ಬಲಗಡೆ ಇಟ್ಟ. ಹಿಂದಿನ ದಿನ ಅವ್ವನೇ ಬೆಳಗಿದ್ದ ಹಿತ್ತಾಳೆ ಚೊಂಬು. ಅವ್ವ ಗೋಡೆ ಹಿಡಿದು ಎದ್ದಳು. ಮಂಡಿನೋವಿಗೆ ಬಗ್ಗಲು ಹೊತ್ತು ಹಿಡಿಯಿತು. ಚೊಂಬನ್ನು ಎರಡು ಕೈಯಲ್ಲಿ ಎತ್ತಿ ಎಲೆಯ ಎಡಗಡೆಗೆ ಇಟ್ಟಳು. ಇಟ್ಟ ಮೇಲೂ ಕೈ ತೆಗೆಯಲಿಲ್ಲ. ಕಣ್ಣು ಮಂಜಾಗಿರುವುದರಿಂದ ಅವಳಿಗೆ ಒಳಗಿನದು ಕಾಣುವುದಿಲ್ಲ.

“ನೀರು ಐತೇನಮ್ಮ ಇದ್ರಾಗೆ?”

ತುಂಬಿದೆ ಅವ್ವ, ಎಂದೆ.

“ನೋಡ್ದಾ?”

ಎಲ್ಲರೂ ಕಾಯುತ್ತಿದ್ದರು. ನಾನು ಮಂಡಿಯೂರಿ, ಚೊಂಬಿನ ಬಾಯಿಗೆ ಬಗ್ಗಿ ನೋಡಿದೆ. ಒಳಗೆ ಅಂಚಿನವರೆಗೂ ನೀರಿತ್ತು. ಆಗ ನನಗೆ ಅಳು ಬಂತು.